ಕಿತ್ತಳೆಗೆ ಯಾವ ಬೇರು? ಮೂರನ್ನೂ ನೆಟ್ಟು ನೋಡಿದ ಮೇಲೆ

ನಮ್ಮದು ಸೋಮವಾರಪೇಟೆ ಕಡೆಯ ಕಾಫಿ ತೋಟ. ಅಜ್ಜ ನೆಟ್ಟ ಕಿತ್ತಳೆಗಳೆಲ್ಲ ಬೀಜದ ಗಿಡಗಳು: ಮೈತುಂಬ ಮುಳ್ಳು, ಮೊದಲ ಹಣ್ಣಿಗೆ ಏಳೆಂಟು ವರ್ಷ ಕಾಯಬೇಕು. ಅವು ತುದಿಯಿಂದ ಒಣಗುತ್ತ ಒಂದೊಂದಾಗಿ ಹೋದಾಗ, ಖಾಲಿ ಬಿದ್ದ ಜಾಗಕ್ಕೆ ಕಣ್ಣು ಕಸಿಯ ಗಿಡ ತಂದೆ, ಅಂದರೆ ಒಂದು ಜಾತಿಯ ಬೇರಿನ ಗಿಡಕ್ಕೆ ಇನ್ನೊಂದರ ಮೊಗ್ಗು ಕೂರಿಸಿ ಬೆಳೆಸಿದ್ದು. ಮೇಲಿನದು ಎಲ್ಲದಕ್ಕೂ ಕೊಡಗಿನ ಕಿತ್ತಳೆಯೇ. ಬೇರು ಮಾತ್ರ ಮೂರು ಬಗೆ, ಮೂರೂ ನಿಂಬೆ-ಕಿತ್ತಳೆಯ ಬಳಗದವೇ: ಜಂಬೇರಿ, ರಂಗಪುರ ನಿಂಬೆ, ಟ್ರೈಫೋಲಿಯೇಟ್.

ಜಂಬೇರಿ ಮೊದಲೆರಡು ವರ್ಷ ಮರುಳು ಮಾಡಿತು. ಉಳಿದವು ಸೊಂಟದೆತ್ತರ ಇದ್ದಾಗ ಇದು ತಲೆ ಮೀರಿತ್ತು. ಹಣ್ಣು ಬಿಟ್ಟಾಗ ಬಣ್ಣ ಬಯಲಾಯಿತು. ಸಿಪ್ಪೆ ದಪ್ಪ, ತೊಳೆ ಸಪ್ಪೆ. ಇನ್ನು ತರುವುದಿಲ್ಲ.

ರಂಗಪುರ ಗಟ್ಟಿ ಜೀವ. ಮೇಲಿನ ಇಳಿಜಾರಿನಲ್ಲಿ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬರುವ ತನಕ ಹನಿ ನೀರು ಕೊಡದಿದ್ದರೂ ಎಲೆ ಮುದುಡಿಕೊಂಡು ತಡೆಯಿತು. ಆದರೆ ಕೆಳಗೆ, ಚರಂಡಿ ಪಕ್ಕದ ಜೌಗಿನಲ್ಲಿ ನೆಟ್ಟಿದ್ದ ಏಳು ಗಿಡಗಳಿಗೆ ನಾಲ್ಕನೇ ಮಳೆಗಾಲದಲ್ಲಿ ಬುಡದಿಂದ ಅಂಟು ಸೋರತೊಡಗಿತು. ಉಗುರಿನಿಂದ ಒತ್ತಿದರೆ ತೊಗಟೆ ಒದ್ದೆ ಕಾಗದದಂತೆ ಎದ್ದು ಬರುತ್ತಿತ್ತು, ಒಳಗೆಲ್ಲ ಕಂದು. ಬುಡ ಕೊಳೆಸುವ ರೋಗಾಣು, ಫೈಟಾಪ್ತೊರಾ. ಕೆರೆದು ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ್ದು) ಬಳಿದೆ, ಮೂರು ಉಳಿದವು. ಕಸಿ ಗಂಟು ಮಣ್ಣಿಗೆ ತಾಗುವಂತೆ ನೆಟ್ಟಿದ್ದು ನನ್ನದೇ ತಪ್ಪು. ಈಗ ಅರ್ಧ ಅಡಿಗಿಂತ ಮೇಲೇ ಇಡುತ್ತೇನೆ.

ಅದೇ ಜೌಗಿನಲ್ಲಿ ಟ್ರೈಫೋಲಿಯೇಟ್ ಬೇರಿನ ಗಿಡಗಳಿಗೆ ಒಂದು ಹನಿ ಅಂಟೂ ಬರಲಿಲ್ಲ. ಹಣ್ಣೂ ಮೂರರಲ್ಲಿ ಇದರದ್ದೇ ಸಿಹಿ. ಆದರೆ ಬೆಳೆಯುವುದು ಆಮೆಯ ಹಾಗೆ, ಬೇಸಿಗೆಯಲ್ಲಿ ನೀರು ತಪ್ಪಿದರೆ ಮೊದಲು ಬಾಡುವುದೂ ಇದೇ. ಮರ ಗಿಡ್ಡವಾದ್ದರಿಂದ ರೊಬಸ್ಟಾ ಕಾಫಿ ನಡುವೆ ನೆಟ್ಟವು ನೆರಳಲ್ಲಿ ಕಳೆದೇಹೋದವು. ಕಸಿಯ ಕೆಳಗಿನ ಕಾಂಡ ಮೇಲಿನದಕ್ಕಿಂತ ದಪ್ಪವಾಗಿ ಆನೆಕಾಲಿನಂತಾಗುತ್ತದೆ, ಹೆದರಬೇಕಿಲ್ಲ.

ಇದರ ಇನ್ನೊಂದು ಅನುಕೂಲ ತಡವಾಗಿ ಹೊಳೆಯಿತು. ಬೇರಿನಿಂದ ಚಿಗುರು ಎದ್ದರೆ ಅದರಲ್ಲಿ ಮೂರು ಮೂರು ಎಲೆ, ಕಳೆ ತೆಗೆಯುವವರೂ ಗುರುತಿಸಿ ಕೀಳುತ್ತಾರೆ. ರಂಗಪುರದ ಚಿಗುರನ್ನು ಕಿತ್ತಳೆಯಿಂದ ಬೇರೆ ಮಾಡುವುದು ಅಷ್ಟು ಸುಲಭವಲ್ಲ. ನನ್ನ ಒಂದು ಗಿಡದಲ್ಲಿ ಕಸಿ ಸತ್ತು ಚಿಗುರೇ ಮರವಾಗಿದ್ದು ಗೊತ್ತೇ ಆಗಲಿಲ್ಲ. ಹಣ್ಣೂ ಕಿತ್ತಳೆ ಬಣ್ಣದ್ದೇ, ಸಿಪ್ಪೆಯೂ ಸಡಿಲ. ನೆಂಟರ ಮಗುವಿಗೆ ಸುಲಿದು ಕೊಟ್ಟೆ, ಹುಳಿಗೆ ಅದರ ಕಣ್ಣು ಮುಚ್ಚಿಹೋಯಿತು.

ಈ ವರ್ಷ ಕೆಳಗಿನ ಜಾಗಕ್ಕೆ ಟ್ರೈಫೋಲಿಯೇಟ್, ಮೇಲಿನದಕ್ಕೆ ರಂಗಪುರ ಹೇಳಿದ್ದೇನೆ. ಆ ಹುಳಿ ಮರ ಕಡಿಯೋಣ ಎಂದರೆ ಅಮ್ಮ ಬಿಡುತ್ತಿಲ್ಲ, ಉಪ್ಪಿನಕಾಯಿಗೆ ಬೇಕಂತೆ.