ಅಗ್ಗದ ಚರ್ಮದ ಕೈಗವಸಿನಲ್ಲಿ ನಾಲ್ಕು ಚಳಿಗಾಲದ ಸ್ಕೀಯಿಂಗ್

ಸ್ಕೀಯಿಂಗ್‌ಗೆಂದೇ ತಯಾರಾದ ದುಬಾರಿ ಕೈಗವಸುಗಳನ್ನು ಎರಡು ಬಾರಿ ಕೊಂಡು, ಎರಡೂ ಬಾರಿ ಎರಡನೆಯ ಚಳಿಗಾಲ ಮುಗಿಯುವುದರೊಳಗೆ ಅಂಗೈ ಭಾಗ ಸವೆದು ತೂತಾದದ್ದನ್ನು ಕಂಡ ಮೇಲೆ, ಮೈಮುರಿದು ದುಡಿಯುವವರು ಹಾಕಿಕೊಳ್ಳುವ ಹಂದಿ ಚರ್ಮದ ಸಾಧಾರಣ ಕೈಗವಸುಗಳನ್ನು ಎರಡು ಜೊತೆ ತಂದೆ. ಸ್ಕೀ ಲಿಫ್ಟ್ ನಡೆಸುವವರೂ ಇಳಿಜಾರುಗಳಲ್ಲಿ ಗಸ್ತು ತಿರುಗುವ ಸಿಬ್ಬಂದಿಯೂ ಇಂಥವನ್ನೇ ಧರಿಸುವುದನ್ನು ಹಲವು ಕಡೆ ನೋಡಿದ್ದೆ. ಎರಡು ಜೊತೆಗೂ ಸೇರಿ ಕೊಟ್ಟ ಹಣ, ಹಿಂದಿನ ಒಂದು ಜೊತೆಯ ಬೆಲೆಯ ಅರ್ಧದಷ್ಟೂ ಆಗಲಿಲ್ಲ. ಅವುಗಳಲ್ಲಿ ಒಂದು ಜೊತೆ ಈಗ ನಾಲ್ಕನೆಯ ಚಳಿಗಾಲವನ್ನೂ ಮುಗಿಸಿದೆ.

ಮೊದಲೇ ಹೇಳಬೇಕಾದ ಮಾತೆಂದರೆ, ಈ ಕೈಗವಸನ್ನು ಕೊಂಡ ದಿನವೇ ಹಿಮಕ್ಕೆ ಒಯ್ಯಬಾರದು. ಹಂದಿ ಚರ್ಮದ ರೋಮರಂಧ್ರಗಳು ಅದರ ದಪ್ಪದುದ್ದಕ್ಕೂ ಹಾದುಹೋಗಿರುತ್ತವೆ. ಆದ್ದರಿಂದ ಕೈ ಬೆವರಿದರೆ ಗಾಳಿಯಾಡುತ್ತದೆ, ಆದರೆ ಮೇಣ ಹಚ್ಚದಿದ್ದರೆ ಕರಗಿದ ಹಿಮವೂ ಅದೇ ದಾರಿಯಲ್ಲಿ ಒಳಗಿಳಿಯುತ್ತದೆ. ನಾನು ಹೇರ್ ಡ್ರೈಯರ್‌ನಿಂದ ಚರ್ಮವನ್ನು ಬೆಚ್ಚಗೆ ಮಾಡಿ, ಜೇನುಮೇಣದ ಲೇಪವನ್ನು ಬೆರಳಿನಿಂದಲೇ ಉಜ್ಜಿದೆ. ಬೆಳ್ಳಗೆ ಕುಳಿತಿದ್ದ ಮೇಣ ಬಿಸಿಗಾಳಿ ತಾಗುತ್ತಲೇ ತಿಳಿಯಾಗಿ, ನೋಡನೋಡುತ್ತಿದ್ದಂತೆ ಚರ್ಮದೊಳಗೆ ಇಂಗಿತು. ಒಣಹುಲ್ಲಿನ ಬಣ್ಣದ ಕೈಗವಸು ಗಾಢ ಕಂದು ಬಣ್ಣಕ್ಕೆ ತಿರುಗಿತು. ಹೊಲಿಗೆಯ ಸಾಲುಗಳಿಗೆ ವಿಶೇಷ ಗಮನ ಕೊಟ್ಟು ಹೀಗೆ ಮೂರು ಸಲ ಹಚ್ಚಿದ ಬಳಿಕ, ಮೇಲೆ ಬಿಟ್ಟ ನೀರಿನ ಹನಿ ಗುಂಡಾಗಿ ನಿಂತು ಉರುಳಿಹೋಯಿತು. ಒಂದು ಸಂಜೆಯ ಕೆಲಸವಿದು. ಚಳಿಗಾಲದ ನಡುವೆ ಮತ್ತೊಮ್ಮೆ ಮಾಡಬೇಕಾಗುತ್ತದೆ. ಇದಕ್ಕೆ ಬೇಸರಪಡುವವರು ಈ ಕೈಗವಸಿನ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಒಣ ಹಿಮವಿರುವ, ಉಷ್ಣತೆ −5ರಿಂದ −12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವ ದಿನಗಳಲ್ಲಿ ಇದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಕೈಯ ಆಕಾರಕ್ಕೆ ಒಗ್ಗಿಕೊಂಡ ಚರ್ಮದಿಂದ ಸ್ಕೀ ಕೋಲಿನ ಹಿಡಿತ ಎಷ್ಟು ಚೆನ್ನಾಗಿ ಸಿಗುತ್ತದೆಂದರೆ, ಬೂಟಿನ ಬಕಲ್ ಬಿಗಿಯುವುದಕ್ಕೂ ಕೈಗವಸು ತೆಗೆಯಬೇಕಾಗಿಲ್ಲ. ಚಳಿ ಅದಕ್ಕಿಂತ ಹೆಚ್ಚಾದರೆ ಒಳಗೆ ಉಣ್ಣೆಯ ತೆಳು ಕೈಗವಸು ಹಾಕಿಕೊಳ್ಳುತ್ತೇನೆ. ಇದಕ್ಕೆ ಜಾಗವಿರಲೆಂದು ಒಂದು ಅಳತೆ ದೊಡ್ಡದನ್ನೇ ಆರಿಸಿದ್ದು ಸರಿಯಾಯಿತು. ಬಿಗಿಯಾದ ಕೈಗವಸಿನಲ್ಲಿ ಒಳಪದರ ಅದುಮಿಹೋಗಿ, ರಕ್ತಸಂಚಾರಕ್ಕೂ ತಡೆಯಾಗಿ, ಬೆರಳುಗಳು ಬೇಗನೆ ಮರಗಟ್ಟುತ್ತವೆ. ಕಡುಚಳಿಯ ದಿನಗಳಿಗೆ ಮಾತ್ರ ಬೆರಳುಗಳೆಲ್ಲ ಒಟ್ಟಿಗಿರುವ ಮಿಟನ್ನೇ ಬೇಕು.

ಸೊನ್ನೆ ಡಿಗ್ರಿಯ ಹತ್ತಿರದ ಒದ್ದೆ ಹಿಮದಲ್ಲಿ ಈ ಕೈಗವಸು ಸೋಲುತ್ತದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಳಗೆ ನೀರು ತಡೆಯುವ ಪ್ರತ್ಯೇಕ ಪದರವಿಲ್ಲದ್ದರಿಂದ, ಮೇಣ ಎಷ್ಟೇ ಹಚ್ಚಿದ್ದರೂ ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿಗಳಲ್ಲಿ ತೇವ ಕಾಣಿಸಿಕೊಳ್ಳುತ್ತದೆ. ತೇವಗೊಂಡ ಕೈಯನ್ನು ಹೊರಗೆಳೆದಾಗ ಒಳಪದರವೂ ಜೊತೆಗೆ ಬಂದುಬಿಟ್ಟರೆ, ಅದನ್ನು ಪ್ರತಿ ಬೆರಳಿಗೂ ಮರಳಿ ತುರುಕುವುದು ಚಳಿಯಲ್ಲಿ ನಿಜಕ್ಕೂ ಹಿಂಸೆ. ಸ್ನೋಬೋರ್ಡ್ ಆಡುವವರ ಕೈ ಹೆಚ್ಚು ಹೊತ್ತು ಹಿಮದಲ್ಲೇ ಊರಿರುವುದರಿಂದ ಅವರಿಗೆ ಇದನ್ನು ಕೊಳ್ಳಿರೆಂದು ನಾನು ಹೇಳುವುದಿಲ್ಲ. ಮಣಿಕಟ್ಟಿನ ಹೆಣಿಗೆಯ ಪಟ್ಟಿಗೂ ಹಿಮದ ಉಂಡೆಗಳು ಅಂಟಿಕೊಳ್ಳುತ್ತವೆ. ಜಾಕೆಟ್ಟಿನ ತೋಳನ್ನು ಅದರ ಮೇಲೆ ಎಳೆದುಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಮೇಣ ಹಚ್ಚಿದ ಹೆಬ್ಬೆರಳಿನಿಂದ ಕನ್ನಡಕವನ್ನು ಒರೆಸಬೇಡಿ, ಗಾಜಿನ ಮೇಲೆ ಜಿಡ್ಡು ಹರಡಿ ಎದುರಿನ ದಾರಿಯೇ ಮಸುಕಾಗುತ್ತದೆ.

ಎರಡನೆಯ ಜೊತೆ ಹಾಳಾದದ್ದು ನನ್ನ ಆತುರದಿಂದ. ಪೂರ್ತಿ ನೆನೆದಿದ್ದ ಅದನ್ನು ಬೆಳಗಾಗುವುದರೊಳಗೆ ಒಣಗಿಸಬೇಕೆಂದು ರಾತ್ರಿಯಿಡೀ ಹೀಟರಿನ ಮೇಲೆಯೇ ಇಟ್ಟಿದ್ದೆ. ದನದ ಚರ್ಮಕ್ಕೆ ಹೋಲಿಸಿದರೆ ಹಂದಿ ಚರ್ಮ ಒದ್ದೆಯಾಗಿ ಒಣಗಿದರೂ ಮೆದುವಾಗಿಯೇ ಉಳಿಯುತ್ತದೆ ನಿಜ, ಆದರೆ ನೇರವಾದ ಕಾವನ್ನು ಅದೂ ತಾಳದು. ಬೆಳಿಗ್ಗೆ ಕೈ ತೂರಿಸಿದರೆ ಬೆರಳುಗಳು ಕುಗ್ಗಿ ಹಪ್ಪಳದಂತೆ ಸೆಟೆದಿದ್ದವು, ಕಿರುಬೆರಳಿನ ಮಡಿಕೆಯಲ್ಲಿ ಬಿರುಕು ಬಿಟ್ಟಿತ್ತು. ಅಂದಿನಿಂದ ಒಳಗೆ ಕಾಗದ ತುಂಬಿ, ಒಂದೆರಡು ಬಾರಿ ಬದಲಿಸಿ, ಕಾವಿನಿಂದ ದೂರ ಗಾಳಿಯಾಡುವ ಕಡೆ ತೂಗುಹಾಕುತ್ತೇನೆ.

ಉಳಿದ ಜೊತೆಯ ಅಂಗೈ ಚರ್ಮ ಸ್ಕೀಯ ಉಕ್ಕಿನ ಅಂಚುಗಳಿಂದ ಗೀರು ಬಿದ್ದಿದೆಯೇ ಹೊರತು ಎಲ್ಲಿಯೂ ತೂತಾಗಿಲ್ಲ. ಚರ್ಮಕ್ಕಿಂತ ಮೊದಲು ಸೋತದ್ದು ದಾರ. ಮೂರನೆಯ ಚಳಿಗಾಲದಲ್ಲಿ ಬಲಗೈಯ ತೋರುಬೆರಳ ತುದಿಯ ಹೊಲಿಗೆ ಬಿಚ್ಚಿಕೊಂಡಾಗ, ಚರ್ಮ ಹೊಲಿಯುವ ಸೂಜಿ ಮತ್ತು ಮೇಣ ಸವರಿದ ನೈಲಾನ್ ದಾರದಿಂದ, ಹಳೆಯ ರಂಧ್ರಗಳಲ್ಲೇ ಸೂಜಿ ತೂರಿಸಿ ಹೊಲಿದು, ಮೇಲೆ ಮತ್ತೆ ಮೇಣ ಹಚ್ಚಿದೆ. ಆ ಹೊಲಿಗೆ ಈವರೆಗೂ ಗಟ್ಟಿಯಾಗಿದೆ. ಈಗ ಎಡಗೈಯ ಹೆಬ್ಬೆರಳ ಬುಡದಲ್ಲಿ ದಾರ ಸವೆಯತೊಡಗಿರುವುದರಿಂದ, ಮುಂದಿನ ಹಿಮ ಬೀಳುವ ಮೊದಲು ಅದನ್ನೂ ಹೊಲಿದಿಡಬೇಕು.