ಇದ್ದ ಮನೆ ಮಾರಾಟವಾಗುವ ಮೊದಲೇ ಹೊಸ ಮನೆಗೆ ಮುಂಗಡ ಕೊಡಬೇಡಿ

ಮನೆ ಬದಲಿಸುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಕೊನೆವರೆಗೆ ಓದಿ. ಇದ್ದ ಮನೆ ಮಾರಿ ದೊಡ್ಡದೊಂದು ಕೊಳ್ಳಲು ಹೊರಟ ನಾವು ಏಳು ತಿಂಗಳು ಎರಡೆರಡು ಸಾಲದ ಕಂತು ಕಟ್ಟಿದೆವು. ಮಕ್ಕಳ ಓದಿಗೆಂದು ಎತ್ತಿಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಅದರಲ್ಲೇ ಕರಗಿತು. ನಮಗೆ ಯಾರೂ ಮೋಸ ಮಾಡಿಲ್ಲ, ಕಾಗದಪತ್ರಗಳೆಲ್ಲ ಸರಿಯಾಗಿಯೇ ಇದ್ದವು. ನಾವು ಎಡವಿದ್ದು ಮಾರುಕಟ್ಟೆಯ ಲಕ್ಷಣ ಗುರುತಿಸುವುದರಲ್ಲಿ.

ಶುರುವಾದದ್ದು ಪಕ್ಕದ ಮನೆಯಿಂದ. ಅದು ಮಾರಾಟಕ್ಕೆ ಬಂದ ಎಂಟೇ ದಿನದಲ್ಲಿ, ಕೇಳಿದ್ದಕ್ಕಿಂತ ಹೆಚ್ಚಿನ ಬೆಲೆಗೆ ಹೋಯಿತು. ನಮ್ಮದೂ ಅಷ್ಟೇ ಅಳತೆಯ, ಅಷ್ಟೇ ಹಳೆಯ ಮನೆ. ಅವರಿಗೆ ಸಿಕ್ಕ ಬೆಲೆಯೇ ನಮ್ಮ ಮನೆಯ ಬೆಲೆ ಎಂದು ಆವತ್ತೇ ತಲೆಯಲ್ಲಿ ಕೂತುಬಿಟ್ಟಿತು. ನಾವು ಮಾರಲು ತೀರ್ಮಾನಿಸುವ ಹೊತ್ತಿಗೆ ಐದು ತಿಂಗಳು ಕಳೆದಿದ್ದವು, ನಡುವೆ ಗೃಹಸಾಲದ ಬಡ್ಡಿ ಏರಿತ್ತು. ಮೂವರು ಏಜೆಂಟರನ್ನು ಕೇಳಿದೆವು. ಇಬ್ಬರು ಪಕ್ಕದ ಮನೆಗಿಂತ ಸ್ವಲ್ಪ ಕಡಿಮೆಯೇ ಬರಬಹುದು ಎಂದರು. ಮೂರನೆಯವರು ಶೇ. 10 ಹೆಚ್ಚಿಗೆ ಕೊಡಿಸುತ್ತೇನೆ ಎಂದರು. ಕೆಲಸವನ್ನು ಅವರಿಗೇ ಒಪ್ಪಿಸಿದೆವು. ದೊಡ್ಡ ಬೆಲೆ ಹೇಳಿ ಮನೆ ಹಿಡಿಯುವುದು, ಆಮೇಲೆ ‘ಸ್ವಲ್ಪ ಇಳಿಸಿ ಸಾರ್’ ಎನ್ನುತ್ತಾ ಬರುವುದು ಈ ವ್ಯವಹಾರದಲ್ಲಿ ಹಳೆಯ ದಾರಿ ಎಂದು ನಮಗೆ ತಿಳಿದದ್ದು ತಡವಾಗಿ.

ಬಡ್ಡಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮಾರುವವರು ಅದು ಕೊಳ್ಳುವವರ ತಲೆನೋವು ಎಂದುಕೊಂಡು ಸುಮ್ಮನಿರುತ್ತಾರೆ. 20 ವರ್ಷದ ಸಾಲಕ್ಕೆ ಬಡ್ಡಿ ಶೇ. 7 ಇದ್ದರೆ ಪ್ರತಿ ಲಕ್ಷಕ್ಕೆ ತಿಂಗಳ ಕಂತು ಸುಮಾರು 775. ಬಡ್ಡಿ ಶೇ. 9 ಆದರೆ ಸುಮಾರು 900. ಕೊಳ್ಳುವವರ ಸಂಬಳ ಏರಿರುವುದಿಲ್ಲ, ಹಾಗಾಗಿ ಅದೇ 775ರ ಕಂತಿಗೆ ಈಗ ಸಿಗುವ ಸಾಲ 86 ಸಾವಿರ ಮಾತ್ರ. ನಿಮ್ಮ ಮನೆ ನೋಡಲು ಬರುವವರ ಕೈಯಲ್ಲಿ ಅಷ್ಟು ಹಣವೇ ಇಲ್ಲವೆಂದರೆ ಎಷ್ಟು ಚೌಕಾಸಿ ಮಾಡಿದರೂ ಬರುವುದು ಎಲ್ಲಿಂದ?

ಈ ನಡುವೆ ನಮಗೊಂದು ದೊಡ್ಡ ಮನೆ ಕಣ್ಣಿಗೆ ಬಿತ್ತು. ಇನ್ನೂ ಮೂರು ಜನ ಕಾಯುತ್ತಿದ್ದಾರೆ, ಈ ವಾರ ಮುಂಗಡ ಕೊಡದಿದ್ದರೆ ಕೈತಪ್ಪುತ್ತದೆ ಎಂದರು. ಇದ್ದ ಮನೆ ತಿಂಗಳೊಳಗೆ ಹೋಗಿಬಿಡುತ್ತದೆಂಬ ಧೈರ್ಯದಲ್ಲಿ ಮುಂಗಡ ಕೊಟ್ಟೆವು, ಬಾಕಿ ಹಣಕ್ಕೆ ದಿನ ಗೊತ್ತುಮಾಡಿ ಕರಾರಿಗೆ ಸಹಿ ಹಾಕಿದೆವು. ‘ನಮ್ಮ ಮನೆ ಮಾರಾಟವಾದರೆ ಮಾತ್ರ ಈ ಕರಾರು ಜಾರಿ’ ಎಂಬ ಒಂದು ಸಾಲು ಸೇರಿಸಿ ಎಂದು ಕೇಳಲಿಲ್ಲ. ಕೇಳಿದ್ದರೆ ಆ ಮಾಲೀಕರು ಒಪ್ಪುತ್ತಿದ್ದರೋ ಏನೋ, ಆದರೆ ಕೇಳುವುದಕ್ಕೂ ನಮಗೆ ಹೊಳೆಯಲಿಲ್ಲ.

ಮೊದಲ ಎರಡು ವಾರ ಹನ್ನೊಂದು ಕುಟುಂಬಗಳು ಬಂದು ನೋಡಿಹೋದವು. ಮೂರನೇ ವಾರ ಒಬ್ಬರು ಬೆಲೆ ಹೇಳಿದರು: ಪಕ್ಕದ ಮನೆಗೆ ಸಿಕ್ಕಿದ್ದಕ್ಕಿಂತ ಶೇ. 6 ಕಡಿಮೆ. ನನಗೆ ಅವಮಾನವಾದಂತಾಯಿತು. ಉತ್ತರ ಹೇಳುವ ಸೌಜನ್ಯವನ್ನೂ ತೋರಿಸಲಿಲ್ಲ. ಆಮೇಲೆ ಎರಡು ತಿಂಗಳು ಯಾರೂ ಬೆಲೆ ಮಾತಾಡಲೇ ಇಲ್ಲ.

ಮೊದಲು ಗಮನಿಸಿದ್ದು ನನ್ನ ಹೆಂಡತಿ. “ರೀ, ಮೂಲೆ ಮನೆ ಬೋರ್ಡು ಇನ್ನೂ ಹಾಗೇ ಇದೆ. ಹಿಂದಿನ ರಸ್ತೇಲಿ ಮತ್ತೆರಡು ಬಂದಿವೆ. ಬರೋದು ಕಾಣ್ತಿದೆ, ಹೋಗೋದು ಕಾಣ್ತಿಲ್ಲ” ಎಂದಳು. ನಾನು ಪತ್ರಿಕೆಯ ವರದಿ ತೋರಿಸಿದೆ, ಅದರಲ್ಲಿ ಸರಾಸರಿ ಬೆಲೆ ಇನ್ನೂ ಏರುತ್ತಿತ್ತು. ಅವಳು ಹೇಳಿದ್ದೇ ನಿಜವಾಗಿತ್ತು.

ಸರಾಸರಿ ಎರಡು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಮಾತುಕತೆ ಮುಗಿದು ನೋಂದಣಿಯಾಗಿ ಲೆಕ್ಕಕ್ಕೆ ಬರುವುದರೊಳಗೆ ತಿಂಗಳುಗಳೇ ಕಳೆದಿರುತ್ತವೆ, ಹಾಗಾಗಿ ಇವತ್ತಿನ ವರದಿಯಲ್ಲಿರುವುದು ಹಳೆಯ ಬೆಲೆ. ಇನ್ನೊಂದು, ಬಡ್ಡಿ ಏರಿದಾಗ ಮೊದಲು ಹಿಂದೆ ಸರಿಯುವವರು ಸಣ್ಣ ಮನೆಯ ಗಿರಾಕಿಗಳು. ಆಗ ಮಾರಾಟವಾದ ಕೆಲವೇ ಮನೆಗಳಲ್ಲಿ ದೊಡ್ಡವೇ ಹೆಚ್ಚಾಗಿ, ಯಾವ ಮನೆಯ ಬೆಲೆಯೂ ಏರದಿದ್ದರೂ ಸರಾಸರಿ ಏರುತ್ತದೆ. ಅರ್ಥಶಾಸ್ತ್ರಜ್ಞರಾದ ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ ಅವರು ಅದೇ ಮನೆ ಮತ್ತೆ ಮಾರಾಟವಾದಾಗಿನ ಬೆಲೆಗಳನ್ನು ಹೋಲಿಸುವ ಸೂಚ್ಯಂಕ ರೂಪಿಸಿದ್ದು ಇಂಥ ತಪ್ಪು ತಪ್ಪಿಸಲಿಕ್ಕೇ.

ಮನೆ ಮಾರುಕಟ್ಟೆ ತಿರುಗುವಾಗ ಮೊದಲು ಕುಸಿಯುವುದು ಮಾರಾಟದ ಸಂಖ್ಯೆ. ಬೆಲೆ ಇಳಿಯುವುದು ಆಮೇಲೆ. ಕಾರಣ ನಮ್ಮಂಥವರೇ. ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಅವರು ಬೋಸ್ಟನ್ ನಗರದ 1990ರ ದಶಕದ ಮಾರಾಟಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಆಮೇಲೆ ಓದಿದೆ. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಉಳಿದವರಿಗಿಂತ ಹೆಚ್ಚು ಬೆಲೆ ಹೇಳುತ್ತಿದ್ದರು, ಅವರ ಮನೆಗಳು ಮಾರಾಟವಾಗದೆ ಹೆಚ್ಚು ಕಾಲ ಉಳಿಯುತ್ತಿದ್ದವು. ನಮಗೆ ಕೊಂಡ ಬೆಲೆಗಿಂತ ಕಡಿಮೆಯಾಗುವ ಭಯವೇನೂ ಇರಲಿಲ್ಲ. ಪಕ್ಕದ ಮನೆಯ ಬೆಲೆಗಿಂತ ಕಡಿಮೆಯಾದೀತು ಎಂಬುದೇ ನಷ್ಟವಾಗಿ ಕಂಡಿತ್ತು.

ಹಾಗಾಗಿ ಬೆಲೆ ಕೇಳುವ ಮೊದಲು ಎಣಿಸಿ. ನಿಮ್ಮ ಸುತ್ತಮುತ್ತ, ನಿಮ್ಮಂಥದೇ ಮನೆ ಎಷ್ಟು ಮಾರಾಟಕ್ಕಿವೆ, ಕಳೆದ ತಿಂಗಳು ಎಷ್ಟು ಹೋದವು ನೋಡಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ, ಇರುವ ಮನೆಗಳು ಖಾಲಿಯಾಗಲು ಎಷ್ಟು ತಿಂಗಳು ಬೇಕೆಂದು ತಿಳಿಯುತ್ತದೆ. ಐದಾರು ತಿಂಗಳೆಂದರೆ ಸಮತೋಲ ಎನ್ನುವುದು ವಾಡಿಕೆ. ಅದಕ್ಕಿಂತ ಬಹಳ ಕಡಿಮೆಯಿದ್ದರೆ ಮಾರುವವರ ಕೈ ಮೇಲು, ಹೆಚ್ಚಿದ್ದರೆ ಕೊಳ್ಳುವವರದು. ನಾನು ಎಣಿಸಿದ್ದು ತಡವಾಗಿ: ಮಾರಾಟಕ್ಕಿದ್ದವು 27, ಆ ತಿಂಗಳು ಹೋದದ್ದು 3. ಒಂಬತ್ತು ತಿಂಗಳು!

ಅಷ್ಟರಲ್ಲಿ ಹೊಸ ಮನೆಯ ಗಡುವು ಬಂದು, ಹಳೆಯದರ ಮೇಲೆ ಇನ್ನೊಂದು ಸಾಲ ತೆಗೆದು ಹಣ ಕಟ್ಟಿದೆವು. ಹಳೆ ಮನೆಯ ಬೆಲೆಯನ್ನು ಶೇ. 2, ಶೇ. 3 ಎಂದು ನಾಲ್ಕು ಸಲ ಇಳಿಸಿದೆವು. ಇದು ಎಲ್ಲಕ್ಕಿಂತ ಕೆಟ್ಟ ದಾರಿ. ಪದೇ ಪದೇ ಇಳಿಯುವ ಬೆಲೆ ನೋಡಿದವರು ಇನ್ನೂ ಇಳಿಯಲಿ ಎಂದು ಕಾಯುತ್ತಾರೆ, ಹೊಸಬರು ಮನೆಯಲ್ಲೇ ಏನೋ ದೋಷವಿರಬೇಕು ಎಂದುಕೊಳ್ಳುತ್ತಾರೆ. ಇಳಿಸುವುದಾದರೆ ಮೊದಲ ತಿಂಗಳಲ್ಲೇ, ಒಂದೇ ಸಲ, ಇತ್ತೀಚೆಗೆ ನಿಜವಾಗಿ ಮಾರಾಟವಾದ ಬೆಲೆಗೆ ಇಳಿಸಿ.

ಪಕ್ಕದ ಮನೆಯ ಬೆಲೆಯನ್ನು 100 ಎಂದುಕೊಂಡರೆ, ನಾವು ತಿರಸ್ಕರಿಸಿದ್ದು 94, ಏಳು ತಿಂಗಳ ನಂತರ ಕೈಗೆ ಬಂದದ್ದು 86. ನಾವು ಕೊಂಡ ಮನೆ ಆ ಲೆಕ್ಕದಲ್ಲಿ 150. ನನ್ನನ್ನು ಈಗಲೂ ಕಾಡುವ ಲೆಕ್ಕ ಇನ್ನೊಂದಿದೆ. ದೊಡ್ಡ ಮನೆಗೆ ಹೋಗುವವರಿಗೆ ಬೆಲೆ ಇಳಿಯುವುದು ಒಳ್ಳೆಯದೇ. ಎರಡೂ ಶೇ. 10 ಇಳಿದಿದ್ದರೆ ನಮ್ಮದು 90, ಅದು 135, ನಾವು ಹೊಂದಿಸಬೇಕಾದ ಅಂತರ 50ರ ಬದಲು 45 ಆಗುತ್ತಿತ್ತು. ಒಂದೇ ಹೊತ್ತಿನಲ್ಲಿ ಮಾರಿ ಕೊಂಡಿದ್ದರೆ ಇಳಿದ ಮಾರುಕಟ್ಟೆಯಲ್ಲೂ ನಮಗೆ ಲಾಭವೇ. ಏರಿದ ಬೆಲೆಗೆ ಕೊಂಡು, ಇಳಿದ ಬೆಲೆಗೆ ಮಾರಿದ್ದರಿಂದ ಅಂತರ 64 ಆಯಿತು, ಅದರ ಮೇಲೆ ಏಳು ತಿಂಗಳ ಬಡ್ಡಿ.

ಈಗಾಗಲೇ ಮುಂಗಡ ಕೊಟ್ಟು, ಹಳೆ ಮನೆ ಇನ್ನೂ ಹೋಗದವರು ಇದನ್ನು ಓದುತ್ತಿದ್ದರೆ, ಗಡುವಿನ ಹಿಂದಿನ ವಾರದವರೆಗೆ ಕಾಯಬೇಡಿ. ಇವತ್ತೇ ಆ ಮಾಲೀಕರ ಹತ್ತಿರ ಹೋಗಿ ಇರುವ ಪರಿಸ್ಥಿತಿ ಹೇಳಿ, ಗಡುವು ಮುಂದೂಡುವುದನ್ನು ಬರವಣಿಗೆಯಲ್ಲಿ ಕೇಳಿ. ಮಾರುಕಟ್ಟೆ ತಣ್ಣಗಾಗಿದ್ದರೆ ಅವರಿಗೂ ಬೇರೆ ಗಿರಾಕಿ ಸುಲಭಕ್ಕೆ ಸಿಗುವುದಿಲ್ಲ. ಮುಂಗಡ ಬಿಟ್ಟುಕೊಟ್ಟರೆ ಆಗುವ ನಷ್ಟವನ್ನೂ ಎರಡು ಸಾಲದ ಆರು ತಿಂಗಳ ಬಡ್ಡಿಯನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿ, ಕರಾರನ್ನು ವಕೀಲರಿಗೂ ತೋರಿಸಿ. ನಿಮ್ಮ ಮನೆಗೆ ಬೆಲೆ ಹೇಳಿ ಹೋದವರು ಯಾರಾದರೂ ಇದ್ದರೆ, ಇನ್ನೂ ಬೇರೆ ಮನೆ ಕೊಂಡಿರದಿದ್ದರೆ, ಅವರಿಗೆ ಇಂದು ಸಂಜೆಯೇ ಫೋನ್ ಮಾಡಿ.