ಫೈನ್ ಕಟ್ಟಲು ಹತ್ತು ದಾರಿ, ಪ್ರಶ್ನಿಸಲು ಎಷ್ಟು? ಕರ್ನಾಟಕದ ಇ-ಚಲನ್ ಸೇವೆಗಳ ವಿಮರ್ಶೆ

ಟ್ರಾಫಿಕ್ ಫೈನ್ ಕಟ್ಟುವುದು ಈಗ ಎರಡು ನಿಮಿಷದ ಕೆಲಸ. ಪೊಲೀಸರ ವೆಬ್‌ಸೈಟ್, ಆ್ಯಪ್, ಕರ್ನಾಟಕ ಒನ್ ಕೇಂದ್ರ, ಸಂಚಾರ ಠಾಣೆ, ರಸ್ತೆ ಬದಿಯಲ್ಲಿ ನಿಂತ ಅಧಿಕಾರಿಯ ಕೈಯಲ್ಲಿರುವ ಯಂತ್ರ, ಎಲ್ಲಿ ಬೇಕಾದರೂ ಕಟ್ಟಬಹುದು. ಆದರೆ ನಿಮ್ಮದಲ್ಲದ ತಪ್ಪಿಗೆ ಕೇಸ್ ಬಿದ್ದಿದ್ದರೆ ಯಾರ ಬಳಿ ಹೋಗಬೇಕು, ಏನು ಬರೆದುಕೊಡಬೇಕು, ಎಷ್ಟು ದಿನದೊಳಗೆ ಹೋಗಬೇಕು ಎಂಬುದು ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ಪ್ರತಿ ಸೇವೆಯನ್ನೂ ಒಂದೇ ಪ್ರಶ್ನೆಯಿಂದ ನೋಡಿದ್ದೇವೆ: ತಪ್ಪು ಕೇಸನ್ನು ತೆಗೆಸಿಕೊಳ್ಳಲು ಇದು ಎಷ್ಟು ನೆರವಾಗುತ್ತದೆ?

ಯಾವ ಸೇವೆಯೂ ಕಣ್ಣಿಗೆ ಬೀಳುವಂತೆ ಹೇಳದ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಫೈನ್ ಕಟ್ಟುವುದೆಂದರೆ ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನಡಿ ರಾಜಿ ಮಾಡಿಕೊಂಡಂತೆ. ಹಣ ಕಟ್ಟಿದ ಕೂಡಲೇ ಆ ಪ್ರಕರಣ ಮುಗಿಯುತ್ತದೆ, ಅದರ ಜೊತೆಗೆ ಪ್ರಶ್ನಿಸುವ ಅವಕಾಶವೂ ಮುಗಿಯುತ್ತದೆ. ‘ಈಗ ಕಟ್ಟಿಬಿಡೋಣ, ಆಮೇಲೆ ದೂರು ಕೊಟ್ಟು ವಾಪಸ್ ತೆಗೆದುಕೊಳ್ಳೋಣ’ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಇನ್ನೊಂದು ಬದಿಯನ್ನೂ ನೋಡಬೇಕು. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ 1,000 ರೂಪಾಯಿ ದಂಡವಿದೆ, ಜೊತೆಗೆ ಮೂರು ತಿಂಗಳು ಡಿಎಲ್ ಅನರ್ಹವಾಗುವ ಮಾತೂ ಇದೆ. ಅದೇ ತಿಂಗಳು ರಾಜ್ಯ ಸರ್ಕಾರ ರಾಜಿ ಮೊತ್ತವನ್ನು 500ಕ್ಕೆ ಇಳಿಸಿತು. ಈ 500 ಪೊಲೀಸರ ಮುಂದೆ ರಾಜಿಯಾಗುವವರಿಗೆ ಮಾತ್ರ. ಕೋರ್ಟಿಗೆ ಹೋಗಿ ಸೋತರೆ ಕಾಯ್ದೆಯಲ್ಲಿರುವ ಮೊತ್ತವೇ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಹಟಕ್ಕೆ ಹೋಗಬೇಡಿ, ಸಾಕ್ಷ್ಯವಿದ್ದರೆ ಹೋಗಿ.

ಬೆಂಗಳೂರು ಸಂಚಾರ ಪೊಲೀಸರ ವೆಬ್‌ಸೈಟ್ ಮತ್ತು ಆ್ಯಪ್

ಈ ಸೇವೆಯ ದೊಡ್ಡ ಗುಣವೆಂದರೆ ಕ್ಯಾಮೆರಾ ಕೇಸುಗಳಿಗೆ ಫೋಟೊ ಸಿಗುತ್ತದೆ. 2022ರ ಡಿಸೆಂಬರ್‌ನಲ್ಲಿ ನಗರದ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಬಂದ ಮೇಲೆ ಪೊಲೀಸರು ಕೈ ತೋರಿಸಿ ನಿಲ್ಲಿಸದೆಯೇ ಕೇಸ್ ಬೀಳುತ್ತಿದೆ. ಹಾಗಾಗಿ ಫೋಟೊ ನೋಡದೆ ಕಟ್ಟುವುದು ಬಿಲ್ ನೋಡದೆ ದುಡ್ಡು ಕೊಟ್ಟಂತೆ.

ಫೋಟೊದಲ್ಲಿ ಮೊದಲು ನೋಡಬೇಕಾದ್ದು ನಂಬರ್ ಪ್ಲೇಟ್. ಯಂತ್ರ ಎಡವುವ ಜಾಗಗಳು ಹೆಚ್ಚೂಕಡಿಮೆ ಗೊತ್ತಿರುವಂಥವೇ: ಡಿ ಮತ್ತು ಸೊನ್ನೆ, ಬಿ ಮತ್ತು 8, ಎಂ ಮತ್ತು ಎನ್, 1 ಮತ್ತು 7. ಕೊಳೆ ಹಿಡಿದ ಪ್ಲೇಟ್, ಸರಪಳಿ ಅಡ್ಡ ಬಂದ ಪ್ಲೇಟ್, ಬಾಗಿದ ಪ್ಲೇಟ್ ಇದ್ದರೆ ಈ ತಪ್ಪು ಹೆಚ್ಚು. ಆಮೇಲೆ ಗಾಡಿಯ ಮಾಡೆಲ್ ಮತ್ತು ಬಣ್ಣವನ್ನು ನಿಮ್ಮ ಆರ್‌ಸಿಯಲ್ಲಿರುವುದರ ಜೊತೆ ಹೋಲಿಸಿ. ಆರ್‌ಸಿಯಲ್ಲಿ ಬಿಳಿ ಕಾರು, ಫೋಟೊದಲ್ಲಿ ಕಪ್ಪು ಸ್ಕೂಟರ್ ಎಂದಾದರೆ ಪ್ರಕರಣ ಅಲ್ಲಿಗೇ ಇತ್ಯರ್ಥವಾಗುವಷ್ಟು ಬಲವಾದ ಸಾಕ್ಷ್ಯ ನಿಮ್ಮ ಕೈಯಲ್ಲಿದೆ. ಮಾಡೆಲ್ಲೂ ಬಣ್ಣವೂ ಒಂದೇ ಆಗಿದ್ದು ಗಾಡಿ ಮಾತ್ರ ನಿಮ್ಮದಲ್ಲದಿದ್ದರೆ, ಯಾರೋ ನಿಮ್ಮ ನಂಬರ್ ಹಾಕಿಕೊಂಡು ಓಡಿಸುತ್ತಿರುವ ಸಾಧ್ಯತೆ ಇದೆ. ಸ್ಟಿಕ್ಕರ್, ಗೀರು, ಅಲಾಯ್ ವೀಲ್, ಹಿಂಬದಿಯ ಕ್ಯಾರಿಯರ್, ಪ್ಲೇಟಿನ ಅಕ್ಷರದ ಶೈಲಿ ಇವುಗಳಲ್ಲಿ ವ್ಯತ್ಯಾಸ ಹುಡುಕಿ. ಅಂಥ ಸಂದರ್ಭದಲ್ಲಿ ಚಲನ್ ರದ್ದು ಮಾಡಿಸಿಕೊಂಡರೆ ಸಾಲದು, ಠಾಣೆಯಲ್ಲಿ ಪ್ರತ್ಯೇಕ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಬೇಕು. ನಾಳೆ ಆ ಗಾಡಿ ಅಪಘಾತ ಮಾಡಿದರೆ ನಿಮ್ಮನ್ನು ಕಾಪಾಡುವುದು ಆ ಸ್ವೀಕೃತಿ.

ಸಿಗ್ನಲ್ ಕೇಸುಗಳಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಬೇಕು. ಕೆಂಪು ದೀಪ ಉರಿಯುತ್ತಿರುವಾಗ ಗಾಡಿ ಸ್ಟಾಪ್ ಲೈನಿನ ಹಿಂದಿದ್ದು ಆಮೇಲೆ ಮುಂದೆ ಹೋದದ್ದು ಕಂಡರೆ ಮಾತ್ರ ಅದು ಸಿಗ್ನಲ್ ಜಂಪ್. ಇದಕ್ಕೆ ಸಾಮಾನ್ಯವಾಗಿ ಎರಡು ಚಿತ್ರ ಬೇಕು. ಗೆರೆಯ ಮೇಲೆ ನಿಂತಿರುವ ಒಂದೇ ಚಿತ್ರ ಸ್ಟಾಪ್ ಲೈನ್ ಉಲ್ಲಂಘನೆಯನ್ನು ತೋರಿಸಬಹುದೇ ಹೊರತು ಸಿಗ್ನಲ್ ಜಂಪನ್ನಲ್ಲ. ಆಂಬ್ಯುಲೆನ್ಸಿಗೆ ದಾರಿ ಬಿಡಲು ಮುಂದೆ ಸರಿದಿದ್ದರೆ ಅದೂ ಚಿತ್ರದಲ್ಲಿ ಕಾಣುತ್ತದೆಯೇ ನೋಡಿ. ಡ್ಯಾಶ್‌ಕ್ಯಾಮ್ ಇದ್ದವರು ಆ ದಿನದ ವಿಡಿಯೊ ಅಳಿಸಿ ಹೋಗುವ ಮೊದಲೇ ತೆಗೆದಿಡಿ. ಸೀಟ್ ಬೆಲ್ಟ್ ಕೇಸಿನಲ್ಲಿ ಕಪ್ಪು ಅಂಗಿಯ ಮೇಲೆ ಕಪ್ಪು ಬೆಲ್ಟ್ ಕಾಣದಿರುವುದು ಸಾಮಾನ್ಯ. ಚಿತ್ರವನ್ನು ದೊಡ್ಡದು ಮಾಡಿ ಭುಜದ ಮೇಲಿನ ಓರೆ ಗೆರೆ ಹುಡುಕಿ.

ಕೊರತೆ ಶುರುವಾಗುವುದು ಇದಾದ ಮೇಲೆ. ಕಟ್ಟುವ ಬಟನ್ ಎದ್ದು ಕಾಣುವಷ್ಟು ಆಕ್ಷೇಪ ಸಲ್ಲಿಸುವ ದಾರಿ ಕಾಣುವುದಿಲ್ಲ. ಹಾಗಾಗಿ ಬೆಂಗಳೂರಿನಲ್ಲಿರುವವರು ಇನ್‌ಫೆಂಟ್ರಿ ರಸ್ತೆಯ ಸಂಚಾರ ನಿರ್ವಹಣಾ ಕೇಂದ್ರಕ್ಕೆ, ಉಳಿದ ಊರಿನವರು ಕೇಸ್ ಹಾಕಿದ ಠಾಣೆಗೆ ಲಿಖಿತ ಅರ್ಜಿ ಕೊಡುವುದೇ ಗಟ್ಟಿ ದಾರಿ. ಅರ್ಜಿ ಒಂದು ಪುಟ ಮೀರಬೇಕಿಲ್ಲ. ವಾಹನದ ನಂಬರ್, ಚಲನ್ ಅಥವಾ ನೋಟಿಸ್ ನಂಬರ್, ಉಲ್ಲಂಘನೆಯ ದಿನ, ಸಮಯ, ಸ್ಥಳ, ಆಮೇಲೆ ಒಂದೇ ಸಾಲಿನಲ್ಲಿ ಕಾರಣ: ‘ಫೋಟೊದಲ್ಲಿರುವ ವಾಹನ ನನ್ನದಲ್ಲ, ನಂಬರ್ ತಪ್ಪಾಗಿ ಓದಲಾಗಿದೆ.’ ಜೊತೆಗೆ ಫೋಟೊದ ಪ್ರಿಂಟ್, ಆರ್‌ಸಿ ಪ್ರತಿ, ನಿಮ್ಮ ಗಾಡಿಯ ಹಿಂದು ಮುಂದಿನ ಇಂದಿನ ಚಿತ್ರ. ಆ ಹೊತ್ತಿನಲ್ಲಿ ಗಾಡಿ ಬೇರೆಡೆ ಇತ್ತೆಂದು ತೋರಿಸುವ ಫಾಸ್ಟ್ಯಾಗ್ ದಾಖಲೆ, ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್ ಅಥವಾ ಪಾರ್ಕಿಂಗ್ ರಸೀದಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಇನ್ನೊಂದು ಪ್ರತಿಯ ಮೇಲೆ ಸೀಲ್ ಮತ್ತು ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ.

ಪರಿವಾಹನ್ ಇ-ಚಲನ್ ಪೋರ್ಟಲ್

ಕೇಂದ್ರ ಸರ್ಕಾರದ ಈ ಪೋರ್ಟಲ್‌ನಲ್ಲಿ ಹುಡುಕಲು ಮೂರು ದಾರಿ: ಚಲನ್ ನಂಬರ್, ಡಿಎಲ್ ನಂಬರ್, ಇಲ್ಲವೇ ಗಾಡಿ ನಂಬರ್ ಜೊತೆಗೆ ಚಾಸಿಸ್ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಕ್ಷರ. ಹೊರರಾಜ್ಯದಲ್ಲಿ ಬಿದ್ದ ಕೇಸ್ ತಿಳಿಯಲು ಇದು ತುಂಬಾ ಉಪಯುಕ್ತ. ಬೆಂಗಳೂರಿನ ಕೇಸ್ ಒಂದು ಕಡೆ ಕಂಡು ಇನ್ನೊಂದು ಕಡೆ ಕಾಣದೇ ಇರಬಹುದು, ಆದ್ದರಿಂದ ಇಲ್ಲೂ ಬೆಂಗಳೂರು ಸಂಚಾರ ಪೊಲೀಸರ ವೆಬ್‌ಸೈಟ್‌ನಲ್ಲೂ ನೋಡಿ. ಹಳೆಯ ಗಾಡಿ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಈ ಎರಡೂ ಕಡೆ ಹುಡುಕಿದರೆ ಆಮೇಲಿನ ಜಗಳ ತಪ್ಪುತ್ತದೆ.

ಇಲ್ಲಿರುವ ದೂರು ವಿಭಾಗದ ಬಗ್ಗೆ ಅನೇಕರಿಗೆ ತಪ್ಪು ತಿಳಿವಳಿಕೆ ಇದೆ. ‘ಹಣ ಕಡಿತವಾಗಿದೆ, ಚಲನ್ ಇನ್ನೂ ಬಾಕಿ ಎಂದೇ ತೋರಿಸುತ್ತಿದೆ’ ಎಂಬಂಥ ದೂರುಗಳಿಗೆ ಅದು ಸರಿ. ಆದರೆ ‘ನಾನು ಸಿಗ್ನಲ್ ಜಂಪ್ ಮಾಡಿಲ್ಲ’ ಎಂಬ ವಾದವನ್ನು ತೀರ್ಮಾನಿಸುವುದು ಅದರ ಕೆಲಸವಲ್ಲ. ಹಣ ಹೋಗಿ ರಸೀದಿ ಬಾರದಿದ್ದರೆ ಮತ್ತೆ ಕಟ್ಟಬೇಡಿ. ಬಾಕಿ ವಹಿವಾಟು ಪರಿಶೀಲಿಸುವ ಆಯ್ಕೆಯಲ್ಲಿ ಚಲನ್ ನಂಬರ್ ಹಾಕಿ ನೋಡಿ, ಆಮೇಲೆ ಬ್ಯಾಂಕಿನ ವಹಿವಾಟು ಸಂಖ್ಯೆಯೊಂದಿಗೆ ದೂರು ಕೊಡಿ. ಗಾಡಿಗಳ ನೋಂದಣಿ ವಿವರ ಇರುವ ಸರ್ಕಾರಿ ‘ವಾಹನ್’ ದಾಖಲೆಯಲ್ಲಿರುವ ಮೊಬೈಲ್ ನಂಬರ್ ಹಳೆಯದಾಗಿದ್ದರೆ ಸಂದೇಶ ನಿಮಗೆ ತಲುಪುವುದೇ ಇಲ್ಲ. ಆ ನಂಬರ್ ಬದಲಿಸುವುದು ಇವತ್ತೇ ಮಾಡಬೇಕಾದ ಕೆಲಸ.

ವರ್ಚುಯಲ್ ಕೋರ್ಟ್

ಚಲನ್ ಪ್ರಕರಣಗಳನ್ನು ಆನ್‌ಲೈನ್‌ನಲ್ಲೇ ನೋಡುವ ನ್ಯಾಯಾಲಯ ಇದು. ನಮ್ಮ ದೃಷ್ಟಿಯಲ್ಲಿ ಇದ್ದುದರಲ್ಲೇ ಪ್ರಾಮಾಣಿಕವಾದ ಸೇವೆ. ಕಾರಣ ಸರಳ. ಪುಟದ ಮೇಲೆ ಎರಡೇ ಆಯ್ಕೆ: ಸೂಚಿಸಿದ ದಂಡ ಕಟ್ಟುತ್ತೇನೆ, ಇಲ್ಲವೇ ಪ್ರಕರಣವನ್ನು ಪ್ರಶ್ನಿಸುತ್ತೇನೆ. ಎರಡಕ್ಕೂ ಸಮಾನ ಜಾಗ. ವರ್ಚುಯಲ್ ಕೋರ್ಟಿನ ತಾಣದಲ್ಲಿ ಕರ್ನಾಟಕದ ಸಂಚಾರ ವಿಭಾಗ ಆರಿಸಿ, ಮೊಬೈಲ್ ನಂಬರ್ ಅಥವಾ ಚಲನ್/ವಾಹನ ನಂಬರಿನಿಂದ ಹುಡುಕಿ, ಒಟಿಪಿ ಕೊಟ್ಟು ಒಳಹೋಗಬೇಕು. ಪೊಲೀಸರು ಕೋರ್ಟಿಗೆ ಕಳಿಸಿರುವ ಪ್ರಕರಣ ಮಾತ್ರ ಇಲ್ಲಿ ಕಾಣುತ್ತದೆ ಎಂಬುದು ನೆನಪಿರಲಿ.

ಪ್ರಶ್ನಿಸುತ್ತೇನೆ ಎಂದು ಒತ್ತಿದರೆ ಪ್ರಕರಣ ಆ ವ್ಯಾಪ್ತಿಯ ಮಾಮೂಲಿ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಆನ್‌ಲೈನ್ ಆಟವಲ್ಲ, ಕರೆದ ದಿನ ಹಾಜರಾಗಬೇಕು. ಸಣ್ಣ ಪ್ರಕರಣಕ್ಕೆ ವಕೀಲರು ಕಡ್ಡಾಯವಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಮೊದಲಾದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ.

ಅಲ್ಲಿ ನಿಲ್ಲುವ ವಾದಗಳು ಕೆಲವೇ, ಆದರೆ ಗಟ್ಟಿಯಾದವು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ನಿಯಮದ ಪ್ರಕಾರ ಕ್ಯಾಮೆರಾ ಅಥವಾ ಸ್ಪೀಡ್ ಗನ್‌ಗೆ ಅಧಿಕೃತ ಪ್ರಾಧಿಕಾರದ ಪ್ರಮಾಣಪತ್ರ ಇರಬೇಕು, ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಕ್ಯಾಮೆರಾ ಇರುವ ಜಾಗದಲ್ಲಿ ಸೂಚನಾ ಫಲಕ ಇರಬೇಕು. ಉಲ್ಲಂಘನೆ ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಸ್ಪೀಡ್ ಕೇಸಿನಲ್ಲಿ ಯಂತ್ರ ಅಳೆದ ವೇಗ ನಮೂದಾಗಿರಬೇಕು. ಎಲೆಕ್ಟ್ರಾನಿಕ್ ದಾಖಲೆಯಾದ್ದರಿಂದ ಅದನ್ನು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕು. ಇವುಗಳ ಪ್ರತಿಯನ್ನು ಮೊದಲ ದಿನವೇ ಲಿಖಿತವಾಗಿ ಕೇಳಿ.

ಕಾಲಮಿತಿ ಇನ್ನೊಂದು ಅಸ್ತ್ರ. ಬರೀ ದಂಡ ಮಾತ್ರ ಇರುವ ಅಪರಾಧಗಳಿಗೆ ನ್ಯಾಯಾಲಯ 6 ತಿಂಗಳೊಳಗೆ ಪ್ರಕರಣವನ್ನು ಪರಿಗಣನೆಗೆ ತೆಗೆದುಕೊಳ್ಳಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಂ ಹೇಳುತ್ತದೆ. ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದೆ, ಆದರೂ ಹಳೆಯ ಹೆಲ್ಮೆಟ್ ಕೇಸುಗಳಲ್ಲಿ ಈ ಪ್ರಶ್ನೆ ಎತ್ತಲೇಬೇಕು. ಒಂದು ವರ್ಷದವರೆಗೆ ಜೈಲು ಶಿಕ್ಷೆ ಇರುವ ಅಪಾಯಕಾರಿ ಚಾಲನೆಯಂಥ ಕೇಸುಗಳಿಗೆ ಕಾಲಮಿತಿ ಒಂದು ವರ್ಷ.

‘ಎಲ್ಲರೂ ಹೋಗುತ್ತಿದ್ದರು’, ‘ಪೊಲೀಸ್ ಕಾಣಲಿಲ್ಲ’, ‘ಅರ್ಜೆಂಟ್ ಇತ್ತು’ ಎಂಬವು ವಾದಗಳೇ ಅಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ ಇದೆ, 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಫಲಕ ನೋಡಲಿಲ್ಲ ಎಂದರೆ ಅಲ್ಲಿ ಯಾರೂ ಕೇಳುವುದಿಲ್ಲ. ಕುಡಿದು ಓಡಿಸಿದ ಕೇಸಂತೂ ಠಾಣೆಯಲ್ಲಿ ರಾಜಿಯಾಗುವಂಥದ್ದಲ್ಲ. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮೀರಿದರೆ ಕೋರ್ಟಿಗೇ ಹೋಗಬೇಕು, ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಇದಕ್ಕೆ ವಕೀಲರಿಲ್ಲದೆ ಹೋಗಬೇಡಿ.

ಲೋಕ ಅದಾಲತ್ ಮತ್ತು ಅರ್ಧ ದರದ ಕೊಡುಗೆ

2023ರ ಫೆಬ್ರುವರಿಯಲ್ಲಿ ಬಾಕಿ ಫೈನಿಗೆ ಶೇ 50 ರಿಯಾಯಿತಿ ಕೊಟ್ಟಾಗ ಜನ ಮುಗಿಬಿದ್ದರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಅಂಥದ್ದೇ ಅವಕಾಶವಿತ್ತು. ನಿಜವಾಗಿಯೂ ತಪ್ಪು ಮಾಡಿದವರಿಗೆ ಇದು ಒಳ್ಳೆಯ ಸೇವೆ. ತಪ್ಪು ಮಾಡದವರಿಗೆ ಅಲ್ಲ. ಅರ್ಧ ಕಟ್ಟಿದರೂ ಅದು ರಾಜಿಯೇ. ರಾಜಿಯಲ್ಲೇ ಪ್ರಕರಣ ಮುಗಿಸುವ ಲೋಕ ಅದಾಲತ್ತಿಗೆ ಹೋದರೂ ಅಷ್ಟೇ, ಅದರ ತೀರ್ಪಿಗೆ ಮೇಲ್ಮನವಿ ಇಲ್ಲ. ಬೇರೆಯವರ ಗಾಡಿಯ ಫೈನ್ 250ಕ್ಕೆ ಮುಗಿಯಿತಲ್ಲ ಎಂದು ಸಮಾಧಾನಪಟ್ಟರೆ, ನಿಮ್ಮ ನಂಬರ್ ಬಳಸುತ್ತಿರುವವನು ಹಾಗೆಯೇ ಓಡಾಡಿಕೊಂಡಿರುತ್ತಾನೆ.

ಖಾಸಗಿ ಆ್ಯಪ್‌ಗಳು, ವಾಟ್ಸ್ಆ್ಯಪ್ ಫೈಲ್‌ಗಳು

ಚಲನ್ ಮುಗಿಸಿಕೊಡುತ್ತೇವೆ ಎನ್ನುವ ಖಾಸಗಿ ಸೇವೆಗಳು ಮಾಡಬಹುದಾದ್ದು ಎರಡೇ: ನಿಮ್ಮ ಪರವಾಗಿ ಹಣ ಕಟ್ಟುವುದು, ಇಲ್ಲವೇ ವಕೀಲರ ಮೂಲಕ ಕೋರ್ಟ್ ಅಥವಾ ಲೋಕ ಅದಾಲತ್ತಿನಲ್ಲಿ ಇತ್ಯರ್ಥ ಮಾಡಿಸುವುದು. ದಾಖಲೆಯಿಂದ ಕೇಸ್ ಅಳಿಸುವ ಅಧಿಕಾರ ಯಾವ ಆ್ಯಪ್‌ಗೂ ಇಲ್ಲ. ದೂರದ ರಾಜ್ಯದ ಕೋರ್ಟಿಗೆ ಹೋಗಲಾಗದ ಲಾರಿ, ಟ್ಯಾಕ್ಸಿ ಮಾಲೀಕರಿಗೆ ಶುಲ್ಕ ಕೊಟ್ಟು ಇವುಗಳನ್ನು ಬಳಸುವುದರಲ್ಲಿ ಅರ್ಥವಿದೆ. ಒಂದೆರಡು ಹೆಲ್ಮೆಟ್ ಕೇಸಿಗೆ ಬೇಡ. ವಾಟ್ಸ್ಆ್ಯಪ್‌ನಲ್ಲಿ ಬರುವ ‘ಆರ್‌ಟಿಒ ಚಲನ್’ ಹೆಸರಿನ ಎಪಿಕೆ ಫೈಲನ್ನು (ಫೋನಿಗೆ ಆ್ಯಪ್ ಹಾಕುವ ಫೈಲು) ಯಾವ ಕಾರಣಕ್ಕೂ ತೆರೆಯಬೇಡಿ, ಬ್ಯಾಂಕ್ ಖಾತೆ ಖಾಲಿ ಮಾಡಲೆಂದೇ ಅದನ್ನು ಮಾಡಿರುತ್ತಾರೆ. ಸರ್ಕಾರಿ ತಾಣದ ವಿಳಾಸ ಗವ್ ಡಾಟ್ ಇನ್ ಎಂದೇ ಮುಗಿಯಬೇಕು.

ಮಾರಿದ ಗಾಡಿಯ ಕೇಸು

ಅತಿ ಹೆಚ್ಚು ಗೋಜಲು ಇರುವುದು ಇಲ್ಲೇ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರಿಗೇ ನೋಟಿಸ್ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನ ಪ್ರಕಾರ ಆ ಹೊತ್ತಿನಲ್ಲಿ ಓಡಿಸುತ್ತಿದ್ದವರು ಯಾರೆಂದು ತಿಳಿಸುವುದು ಮಾಲೀಕರ ಕರ್ತವ್ಯ. ರಾಜ್ಯದೊಳಗೇ ಮಾರಿದ್ದರೆ 14 ದಿನದೊಳಗೆ ಆರ್‌ಟಿಒಗೆ ವರದಿ ಮಾಡಬೇಕು. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟರೆ ಸಾಲದು, ವಾಹನ್ ದಾಖಲೆಯಲ್ಲಿ ಹೆಸರು ಬದಲಾಗಿದೆಯೇ ಎಂದು ನೀವೇ ನೋಡಬೇಕು. ಬದಲಾಗದೆ ಕೇಸ್ ಬಂದಿದ್ದರೆ ಮಾರಾಟದ ಪತ್ರ, ಗಾಡಿ ಒಪ್ಪಿಸಿದ ದಿನ ಮತ್ತು ಸಮಯ ಬರೆದ ಚೀಟಿ, ಕೊಂಡವರ ಗುರುತಿನ ಪ್ರತಿ ಸಮೇತ ಠಾಣೆಗೆ ಅರ್ಜಿ ಕೊಡಿ, ಆರ್‌ಟಿಒಗೂ ಒಂದು ಪ್ರತಿ ಕಳಿಸಿ.

ಕೇಸ್ ರದ್ದಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಬಾಕಿ ಚಲನ್ ಕಾರಣಕ್ಕೆ ವಾಹನ್‌ನಲ್ಲಿ ಗಾಡಿಯ ವ್ಯವಹಾರ ತಡೆಹಿಡಿದಿದ್ದರೆ ಅದು ತಾನಾಗಿ ತೆರವಾಗುತ್ತದೆ ಎಂದುಕೊಳ್ಳಬೇಡಿ. ಕೆಲವು ದಿನ ಬಿಟ್ಟು ಮತ್ತೆ ಹುಡುಕಿ ನೋಡಿ. ಇನ್ನೂ ಬಾಕಿ ಎಂದೇ ಇದ್ದರೆ ಆದೇಶದ ಪ್ರತಿ ಅಥವಾ ಠಾಣೆಯ ಪತ್ರ ಹಿಡಿದು ಕೇಸ್ ದಾಖಲಿಸಿದ ಕಚೇರಿಗೇ ಹೋಗಿ ಸರಿಮಾಡಿಸಿ, ಆಮೇಲೆ ಹೆಸರು ವರ್ಗಾವಣೆಗೆ ಅಥವಾ ಎಫ್‌ಸಿಗೆ (ಗಾಡಿಯ ಸುಸ್ಥಿತಿ ಪ್ರಮಾಣಪತ್ರಕ್ಕೆ) ಅರ್ಜಿ ಹಾಕಿ.